ಮಂದಕ್ಕ ಬಾವಿಯಿಂದ ಹಿಂದೆ ಬಂದದ್ದು

ಹೆಂಗಸು ಸಾಯದ ಒಂದು ಕಾದಂಬರಿಯನ್ನು ಎಲ್ಲಿಂದಾದರೂ ಹುಡುಕಿ ತಂದು, ನಮ್ಮ ಜಗಲಿಯಲ್ಲಿ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿಯೇ ತೀರುತ್ತೇನೆ ಎಂದು ನಾನು ಆರು ಮಂದಿಯ ಎದುರು ಘೋಷಣೆ ಮಾಡಿದ್ದು ಎಂಬತ್ತಮೂರನೇ ಇಸವಿಯಲ್ಲಿ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳ ಘೋಷಣೆ. ಪುತ್ತೂರಿನ ಲೈಬ್ರರಿಯಲ್ಲಿ ಗೋಡೆ ತುಂಬ ಪುಸ್ತಕ ಇರುವಾಗ ಅಂಥದ್ದೊಂದು ಸಿಗದೆ ಎಲ್ಲಿಗೆ ಹೋದೀತು ಎಂದು ನನ್ನ ಧೈರ್ಯ.

ಆಗ ನಾವಿದ್ದದ್ದು ಬೆಟ್ಟಂಪಾಡಿಯಲ್ಲಿ, ಮಾರ್ಗದ ಬದಿಯಲ್ಲೇ. ನಮ್ಮವರು ಪುತ್ತೂರಿನಿಂದ ಪಾಣಾಜೆಗೆ ಓಡುವ ಬಸ್ಸಿನಲ್ಲಿ ಕಂಡಕ್ಟರ್. ಬೆಳಗ್ಗೆ ಮೊದಲ ಟ್ರಿಪ್ಪಿಗೆ ಹೋದರೆ ದೀಪ ಹಚ್ಚಿದ ಮೇಲೆಯೇ ಮನೆ. ನಮಗೆ ಮಕ್ಕಳಿಲ್ಲ. ಹಾಗಾಗಿ ನನಗೆ ದಿನ ಎಂದರೆ ಮಧ್ಯಾಹ್ನವೇ. ಊಟವಾದ ಮೇಲೆ ಆರು ಮಂದಿ ಹೆಂಗಸರು ಬೀಡಿ ಕಟ್ಟಲಿಕ್ಕೆ ನಮ್ಮ ಜಗಲಿಗೆ ಬರುತ್ತಿದ್ದರು. ಮಡಿಲಲ್ಲಿ ಮೊರ, ಮೊರದಲ್ಲಿ ಎಲೆ, ಹೊಗೆಸೊಪ್ಪು, ನೂಲು, ಕತ್ತರಿ. ಕೈಗೆ ಕೆಲಸ ಉಂಟು, ಕಿವಿಗೆ ಇಲ್ಲ. ಅಕ್ಷರ ಬಲ್ಲವಳೆಂದು ನಾನು ಕಥೆ ಪುಸ್ತಕ ಓದುವುದು, ಅಷ್ಟು ಹೊತ್ತು ನಾನು ಕಟ್ಟಬೇಕಾದ ಬೀಡಿಯನ್ನು ಅವರೆಲ್ಲ ಹಂಚಿಕೊಂಡು ಕಟ್ಟಿಕೊಡುವುದು. ಹಾಗೆ ಒಂದು ಕ್ರಮ ಬಿದ್ದುಹೋಗಿತ್ತು.

ಪುಸ್ತಕ ಇರುವುದು ಕನ್ನಡದಲ್ಲಿ, ಜಗಲಿಯ ಮಾತು ತುಳು. ಪುಸ್ತಕದಲ್ಲಿ ಇದ್ದ ಹಾಗೆಯೇ ಓದಿದರೆ ಅರ್ಧ ಮಂದಿ ತೂಕಡಿಸುತ್ತಾರೆ. ಅದಕ್ಕೆ ನಾನು ಕಣ್ಣಿನಲ್ಲಿ ಕನ್ನಡ ಓದಿ ಬಾಯಿಯಲ್ಲಿ ತುಳು ಹೇಳುತ್ತಿದ್ದೆ. 'ತಾರುಣ್ಯದ ಹೊಸ್ತಿಲಲ್ಲಿ ನಿಂತ ಲಾವಣ್ಯವತಿ' ಎಂದು ಪುಸ್ತಕದಲ್ಲಿದ್ದರೆ 'ಇಪ್ಪತ್ತು ವರ್ಷದ ಒಂದು ಚಂದದ ಹುಡುಗಿ' ಎಂದು ನನ್ನ ಬಾಯಿಯಿಂದ ಹೊರಗೆ ಬೀಳುತ್ತಿತ್ತು. ಬರೆದವರು ಅರ್ಧ ಪುಟ ಬೆಳೆಸಿದ್ದನ್ನು ನಾನು ಅರ್ಧ ಉಸಿರಿನಲ್ಲಿ ಮುಗಿಸುತ್ತಿದ್ದೆ. ಈ ವಿದ್ಯೆ ಸುತ್ತ ಹತ್ತೂರಿನಲ್ಲಿ ನನ್ನೊಬ್ಬಳಿಗೇ ಒಲಿದದ್ದು ಎಂಬ ಜಂಬವೂ ನನಗೆ ಸಾಕಷ್ಟಿತ್ತು.

ತೊಂದರೆ ಶುರುವಾದದ್ದು ನಾಲ್ಕನೇ ಹೆಂಗಸು ಸತ್ತಾಗ.

ಒಬ್ಬಳು ಕೆಮ್ಮಿ ಕೆಮ್ಮಿ ಸತ್ತಳು. ಒಬ್ಬಳು ಹೆರಿಗೆಯಲ್ಲಿ. ಮತ್ತೊಬ್ಬಳು, ತಾನು ಮೆಚ್ಚಿದವನು ತಂಗಿಗೆ ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ, ಚಪ್ಪರದ ಕಂಬಕ್ಕೆ ಒರಗಿಕೊಂಡು. ನಾಲ್ಕನೆಯವಳು ಹೊಳೆಗೆ ಇಳಿದಳು. ಅವಳು ಇಳಿದು ಮುಗಿಯುವಾಗ, ನನ್ನ ಎದುರು ಕೂತು ಬೀಡಿ ಕಟ್ಟುತ್ತಿದ್ದ ನೆಬೀಸ ಕತ್ತರಿಯನ್ನು ಮೊರದಲ್ಲಿ ಇಟ್ಟಳು.

"ಚೆನ್ನಕ್ಕ, ಇವರಿಗೆಲ್ಲ ಎಂತ ಆಗಿದೆ?"

"ಯಾರಿಗೆ?"

"ಬರೆಯುವವರಿಗೆ. ಹೆಂಗಸನ್ನು ಒಬ್ಬಳನ್ನಾದರೂ ಕೊನೆಯವರೆಗೆ ಸಾಕಲಿಕ್ಕೆ ಆಗುದಿಲ್ವಾ?"

"ಕಥೆ ಅಲ್ವಾ ಮಾರಾಯ್ತಿ."

"ಕಥೆ ಆದ್ರೆ ಎಂತ? ಸುಳ್ಳೇ ಹೇಳುದಾದ್ರೆ ಬದುಕಿದಳು ಅಂತ ಒಂದು ಸುಳ್ಳು ಹೇಳಿದರೆ ಇವರ ಗಂಟು ಹೋಗ್ತದಾ? ಇನ್ನೊಬ್ಬಳು ಸತ್ತರೆ ನಾನು ನಾಳೆಯಿಂದ ಕಮಲಾವತಿಯ ಜಗಲಿಗೆ ಹೋಗುದು. ಅಲ್ಲಿ ರೇಡಿಯೋ ಉಂಟು."

ಇದು ಸಣ್ಣ ಬೆದರಿಕೆಯಲ್ಲ. ನೆಬೀಸ ಎದ್ದರೆ ಜಗಲಿಯೇ ಎದ್ದ ಹಾಗೆ. ಅವಳಿಲ್ಲದಿದ್ದರೆ ನಗಿಸುವವರಿಲ್ಲ, ಬೈಯುವವರೂ ಇಲ್ಲ. ಅವಳ ಗಂಡ ಹೋಟೆಲು ಕೆಲಸವೆಂದು ಬೊಂಬಾಯಿಗೆ ಹೋಗಿ ಎಂಟು ವರ್ಷವಾಗಿತ್ತು. ಮೊದಲ ವರ್ಷ ಎರಡು ಕಾಗದ ಬಂದಿತ್ತು. ನಾನೇ ಓದಿ ಹೇಳಿದ್ದು. ಆಮೇಲೆ ಕಾಗದವೂ ಇಲ್ಲ, ಅವನೂ ಇಲ್ಲ. ಆ ವಿಷಯವನ್ನು ಜಗಲಿಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ನೆಬೀಸಳನ್ನು ಕಳೆದುಕೊಂಡರೆ ನನ್ನ ಮಧ್ಯಾಹ್ನಗಳು ಹೋದವು ಎಂದು ಹೆದರಿಯೇ ಆ ದೊಡ್ಡ ಘೋಷಣೆ ನನ್ನ ಬಾಯಿಯಿಂದ ಬಂದದ್ದು.

ಪುಸ್ತಕ ತರುವ ಹೊಣೆ ನಮ್ಮವರದು. ಅವರು ಟಿಕೇಟು ಬಿಟ್ಟರೆ ಬೇರೆ ಏನನ್ನೂ ಓದಿದವರಲ್ಲ. ಪುತ್ತೂರು ಬಸ್‌ಸ್ಟ್ಯಾಂಡಿನ ಹತ್ತಿರದ ಬಾಡಿಗೆ ಲೈಬ್ರರಿಗೆ ಹೋಗಿ, "ಹೆಂಗಸು ಸಾಯದ್ದು ಒಂದು ಕೊಡಿ" ಎಂದರಂತೆ. ಅಂಗಡಿಯವನು ಬಹಳ ಹೊತ್ತು ಯೋಚಿಸಿ ಒಂದು ಪತ್ತೇದಾರಿ ಕೊಟ್ಟ. ಅವನು ಕೊಟ್ಟ ಮಾತು ಉಳಿಸಿಕೊಂಡಿದ್ದ. ಅದರಲ್ಲಿ ಏಳು ಗಂಡಸರು ಸಾಯುತ್ತಾರೆ. ಹೆಂಗಸು ಇಲ್ಲವೇ ಇಲ್ಲ.

ಮಧ್ಯಾಹ್ನ ಮೂರು ಗಂಟೆಯ ಟ್ರಿಪ್ಪಿನಲ್ಲಿ ಬಸ್ಸು ನಮ್ಮ ಮನೆಯೆದುರು ನಿಲ್ಲುತ್ತಿತ್ತು. ನಾನು ಓಡಿಹೋಗಿ ಹಳೆಯ ಪುಸ್ತಕ ಕೊಡುವುದು, ನಮ್ಮವರು ಬಾಗಿಲಿನಲ್ಲಿ ನಿಂತೇ ಹೊಸತು ಚಾಚುವುದು. ನಾಲ್ಕು ದಿನದಲ್ಲಿ ಇದು ಇಡೀ ಬಸ್ಸಿನ ವಿಷಯವಾಯಿತು. ಡ್ರೈವರ್ ಬೋಜಣ್ಣ ಹಾರ್ನ್ ಬಾರಿಸಿ ಕೇಳುತ್ತಿದ್ದ, "ಚೆನ್ನಕ್ಕ, ಈ ಸಲದವಳು ಇದ್ದಾಳಾ, ಹೋದಳಾ?"

"ಇದ್ದಾಳೆ ಬೋಜಣ್ಣ, ಹುಚ್ಚು ಹಿಡಿದಿದೆ."

ಇನ್ನೊಂದು ಪುಸ್ತಕ ಬಂತು. ಅದರಲ್ಲಿ ಹೆಂಗಸು ಬದುಕಿದಳು. ಗಂಡ ಎರಡನೆಯವಳನ್ನು ಕರೆದುಕೊಂಡು ಬಂದ. ಇವಳು ಇಬ್ಬರಿಗೂ ಆರತಿ ಎತ್ತಿ, ಜೀವನವಿಡೀ ಅವರಿಗೆ ಬೇಯಿಸಿ ಹಾಕಿ, ಮಹಾತಾಯಿ ಎನಿಸಿಕೊಂಡಳು. ನಾನು ಗೆದ್ದೆ ಎಂದು ಪುಸ್ತಕ ಮುಚ್ಚಿದೆ.

ನೆಬೀಸ ಕೇಳಿದಳು, "ಇದು ಬದುಕಿದ್ದಾ?"

"ಉಸಿರು ಉಂಟಲ್ಲ."

"ಉಸಿರು ಅಟ್ಟದ ಇಲಿಗೂ ಉಂಟು."

ಬಸ್ಸಿಗೆ ದಿನಾ ಬರುತ್ತಿದ್ದ ಕನ್ನಡಕದ ಮಾಸ್ಟ್ರೊಬ್ಬರು ನಮ್ಮವರ ಕಷ್ಟ ನೋಡಲಾರದೆ ತಮ್ಮದೇ ಚೀಲದಿಂದ ಒಂದು ಪುಸ್ತಕ ಕೊಟ್ಟರು. ಹೊಸ ಥರದ ಸಾಹಿತ್ಯವಂತೆ, ತುಂಬಾ ಗೌರವದ್ದಂತೆ. ಅದರಲ್ಲಿ ಒಬ್ಬ ಗಂಡಸು ಮಂಚದಲ್ಲಿ ಮಲಗಿ ಮೇಲಿನ ಮಾಡಿನ ಹೆಂಚು ನೋಡುತ್ತಾನೆ. ನಲವತ್ತು ಪುಟ ನೋಡುತ್ತಾನೆ. ನಡುವಿನಲ್ಲಿ ಒಮ್ಮೆ ಎದ್ದು ಕಿಟಕಿಯ ಹತ್ತಿರ ಹೋದಾಗ ಜಗಲಿಗೆಲ್ಲ ಜೀವ ಬಂತು. ಅವನು ಹೊರಗೆ ನೋಡಿ ವಾಪಸು ಬಂದು ಮಲಗಿದ. ನಮ್ಮಲ್ಲಿ ಎಲ್ಲರಿಗಿಂತ ಸಣ್ಣವಳಾದ ಹರಿಣಾಕ್ಷಿ ಮೆಲ್ಲ ಕೇಳಿದಳು, "ಅಕ್ಕ, ಅವನಿಗೆ ಜ್ವರವಾ?"

"ಹಾಗೆ ಬರೆದಿಲ್ಲ."

"ಮತ್ತೆ ಎಂತಕ್ಕೆ ಏಳುದಿಲ್ಲ? ಅವನಿಗೆ ಕೆಲಸ ಇಲ್ವಾ?"

ಕೊನೆಯ ಪುಟದವರೆಗೆ ಮಗುಚಿ ನೋಡಿದೆ. ಕಾರಣ ಪುಸ್ತಕದಲ್ಲಿ ಇರಲಿಲ್ಲ.

ಕೊನೆಗೆ ಬಂದದ್ದು ಮಂದಾಕಿನಿಯ ಕಥೆ. ಜಗಲಿಯಲ್ಲಿ ಆ ಹೆಸರು ಒಂದೇ ದಿನದಲ್ಲಿ ಮಂದಕ್ಕ ಆಯಿತು. ಅವಳ ಗಂಡ ಅವಳನ್ನು ಬಿಟ್ಟು ಪಟ್ಟಣಕ್ಕೆ ಹೋಗಿದ್ದಾನೆ. ಮಂದಕ್ಕನಿಗೆ ಬುದ್ಧಿ ಇತ್ತು, ಬಾಯಿ ಇತ್ತು, ಅತ್ತೆಗೆ ತಿರುಗಿ ಎರಡು ಮಾತು ಹೇಳುವ ತಾಕತ್ತೂ ಇತ್ತು. ಎಲ್ಲರಿಗೂ ಹಿಡಿಸಿದಳು. ನೆಬೀಸಳಂತೂ ಅವಳ ಪರವಾಗಿ ಅತ್ತೆಗೆ ಬೈಯುತ್ತಲೇ ಬೀಡಿ ಕಟ್ಟುತ್ತಿದ್ದಳು. ಎಂಬತ್ತನೇ ಪುಟಕ್ಕೆ ಬರುವಾಗ ಮಂದಕ್ಕ ಕೊಡ ಹಿಡಿದುಕೊಂಡು ಬಾವಿಯ ಕಡೆ ನಡೆದಳು. ಪುಸ್ತಕದಲ್ಲಿ ಹೆಂಗಸು ಕೊಡ ಹಿಡಿದು, ಮುಖ ಬಾಡಿಸಿ ಬಾವಿಗೆ ಹೋದರೆ ನೀರಿಗೆ ಹೋದದ್ದಲ್ಲ ಎಂದು ಅಷ್ಟು ಹೊತ್ತಿಗೆ ನನಗೆ ಗೊತ್ತಿತ್ತು. ಮೆಲ್ಲನೆ ಮುಂದಿನ ಪುಟ ನೋಡಿದೆ. ಹಾರಿಯಾಗಿತ್ತು. ಉಳಿದ ಪುಟಗಳೆಲ್ಲ ಊರಿನವರ ಅಳು.

ತಲೆ ಎತ್ತಿದೆ. ಏಳು ಕತ್ತರಿಗಳಲ್ಲಿ ಒಂದೂ ಆಡುತ್ತಿರಲಿಲ್ಲ. ನೆಬೀಸ ನನ್ನನ್ನೇ ನೋಡುತ್ತಿದ್ದಳು.

"ಮತ್ತೆ?" ಎಂದಳು.

ನಾನು ಪುಸ್ತಕದ ಮೇಲೆ ಕಣ್ಣು ಇಟ್ಟುಕೊಂಡೇ ಹೇಳಿದೆ, "ಮಂದಕ್ಕ ಬಾವಿಕಟ್ಟೆಯಲ್ಲಿ ಸ್ವಲ್ಪ ಹೊತ್ತು ಕೂತಳು. ಮತ್ತೆ ನೀರು ಸೇದಿದಳು. ಕೊಡ ತುಂಬಿಸಿದಳು. ಮನೆಗೆ ಬಂದಳು."

ಜಗಲಿಯಿಡೀ ಒಟ್ಟಿಗೆ ಉಸಿರು ಬಿಟ್ಟದ್ದು ನನಗೆ ಈಗಲೂ ಕೇಳುತ್ತದೆ. ಏಳು ಕತ್ತರಿ ಎಂದೆ ಅಲ್ಲವೇ, ಏಳನೆಯದು ಕಮಲಾವತಿಯದು. ರೇಡಿಯೋವನ್ನು ಅತ್ತೆಗೆ ಬಿಟ್ಟು, ಮಂದಕ್ಕ ಏನು ಮಾಡುತ್ತಾಳೆ ನೋಡುವ ಎಂದು ಅವಳೂ ಬಂದುಬಿಟ್ಟಿದ್ದಳು.

ಬಾವಿಯಿಂದ ಹಿಂದೆ ಬಂದವಳನ್ನು ಸುಮ್ಮನೆ ಕೂರಿಸಲಿಕ್ಕೆ ಆಗುತ್ತದೆಯೇ? ಮರುದಿನ ಅವಳು ಅತ್ತೆಯ ಮನೆ ಬಿಟ್ಟಳು. ಅದರ ಮರುದಿನ ಅವಳನ್ನು ಸಂಪಾಜೆಗೆ ಕಳುಹಿಸಿದೆ. ನಾನು ಒಮ್ಮೆ ಮದುವೆಗೆಂದು ಮಡಿಕೇರಿಗೆ ಹೋಗುವಾಗ ಬಸ್ಸು ನಿಂತ ಜಾಗ. ಬೇರೆ ದೂರದ ಊರು ನನಗೆ ಗೊತ್ತಿರಲಿಲ್ಲ. ಅಲ್ಲಿ ಘಾಟಿ ಹತ್ತುವ ಲಾರಿಗಳು ನಿಲ್ಲುವಲ್ಲಿ ಮಂದಕ್ಕ ಒಂದು ಚಾ ಹೋಟೆಲು ಇಟ್ಟಳು. ಕೈ ಹಿಡಿಯಲಿಕ್ಕೆ ಬಂದ ಲಾರಿ ಡ್ರೈವರಿನ ಮುಂಗೈಗೆ ಕುದಿಯುವ ಸಾಂಬಾರಿನ ಸೌಟು ಇಟ್ಟಳು. ಆ ದಿನ ನೆಬೀಸ ನಕ್ಕು ನಕ್ಕು ಮೊರ ಮಗುಚಿ ಹಾಕಿದಳು. ಹೊಗೆಸೊಪ್ಪು ಗಾಳಿಗೆ ಹಾರಿ, ಎಲ್ಲರೂ ಸೀನಿ, ಕಥೆ ಕಾಲು ಗಂಟೆ ನಿಂತಿತು.

ಕಥೆ ಏರಿದ ಹಾಗೆ ಬೀಡಿ ಇಳಿಯಿತು. ಬೀಡಿ ಕಂಪೆನಿಯ ಬ್ರಾಂಚಿನಲ್ಲಿ ನಮ್ಮ ಬೀಡಿ ತೆಗೆದುಕೊಳ್ಳುವ ಗುರುವಪ್ಪ ಒಂದೊಂದು ಕಟ್ಟನ್ನೂ ಒತ್ತಿ ನೋಡಿ ಬದಿಗೆ ಎಸೆಯತೊಡಗಿದ.

"ಎಂತ ಇದು? ಎಲ್ಲ ಬಾಯಿ ಬಿಟ್ಟುಕೊಂಡು ಉಂಟು. ಬೀಡಿಯೂ ನಿಮ್ಮೊಟ್ಟಿಗೆ ಕೂತು ಕಥೆ ಕೇಳ್ತದಾ?"

ಹರಿಣಾಕ್ಷಿ ಕಥೆಯ ವಿಷಯವೆಲ್ಲ ಅವನಿಗೆ ಹೇಳಿಬಿಟ್ಟಳು. ಕೆಮ್ಮಿ ಸಾಯುವವರ ಕಥೆ ಓದುವಾಗ ಬೀಡಿ ಎಷ್ಟು ಗಟ್ಟಿ ಬರುತ್ತಿತ್ತು ಎಂದು ಗುರುವಪ್ಪ ನೆನಪಿಸಿ, ಹಾಗಿನದ್ದೇ ಓದಿ ಎಂದು ನನಗೆ ಹೇಳಿ ಕಳುಹಿಸಿದ. ಎರಡು ದಿನ ಬಿಟ್ಟು ಅವನೇ ಬಂದ. ಬೈಯಲಿಕ್ಕೆಂದು ಬಂದವನು ಮೆಟ್ಟಿಲಲ್ಲಿ ಕೂತು, ಮಂದಕ್ಕ ಹೋಟೆಲಿಗೆ ಹೊಸ ಬೆಂಚು ತರಿಸುವವರೆಗೆ ಕೇಳಿ, ಒಂದು ಮಾತೂ ಹೇಳದೆ ಎದ್ದುಹೋದ.

ಇತ್ತ ನಮ್ಮವರಿಗೆ ಲೈಬ್ರರಿಯವನ ಕಾಟ.

"ಅದನ್ನು ಕೊಡು ಮಾರಾಯ್ತಿ. ತಿಂಗಳಾಯ್ತು."

"ಮುಗಿಯಲಿಲ್ಲ."

"ನೂರಹತ್ತು ಪುಟದ ಪುಸ್ತಕ ತಿಂಗಳಾದ್ರೂ ಮುಗಿಯದಿದ್ರೆ ಅದೆಂತ ಹುಟ್ಟಿಕೊಳ್ತಾ ಉಂಟಾ ಒಳಗೆ?"

ಹುಟ್ಟಿಕೊಳ್ಳುತ್ತಿತ್ತು; ಆದರೆ ಅದನ್ನು ಅವರಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಪುಸ್ತಕ ಕೊಟ್ಟುಬಿಟ್ಟೆ. ಕೈಯಲ್ಲಿ ಏನಾದರೊಂದು ಬೇಕಲ್ಲ? ಗ್ರಾಮಸೇವಕರು ಮನೆಮನೆಗೆ ಕೊಟ್ಟುಹೋದ ಗೋಬರ್ ಗ್ಯಾಸಿನ ಪುಸ್ತಕವೊಂದಿತ್ತು. ಅದಕ್ಕೆ ಪೇಪರಿನ ಬೈಂಡು ಹಾಕಿದೆ. ಆಮೇಲಿನ ಮೂರು ವಾರ ಮಂದಕ್ಕನ ಸಮಸ್ತ ಜೀವನವನ್ನು ನಾನು ಓದಿದ್ದು ಸಗಣಿಗುಂಡಿಯ ಉದ್ದ, ಅಗಲ, ಆಳದಿಂದ.

ಆದರೆ ಎಷ್ಟು ದಿನ ಎಂದು ಓಡಿಸುವುದು? ಹೋಟೆಲು ದೊಡ್ಡದಾಯಿತು, ಅತ್ತೆ ಬಂದು ಕ್ಷಮೆ ಕೇಳಿ ಹೋದಳು. ನನ್ನ ತಲೆಯಲ್ಲಿ ಇನ್ನೇನೂ ಉಳಿದಿರಲಿಲ್ಲ. ಒಂದು ಒಳ್ಳೆಯ ಮುಕ್ತಾಯ ಮಾಡುವ ಎಂದು ಎರಡು ದಿನ ಒಲೆಯ ಮುಂದೆ ಕೂತು ಯೋಚಿಸಿದೆ. ಅನ್ನ ಎರಡು ಸಲ ಸೀದಿತು. ಮೂರನೇ ದಿನ ನನಗೆ ಹೊಳೆದುಬಿಟ್ಟಿತು. ಇಷ್ಟು ಮಂದಿ ಬರೆಯುವವರಿಗೆ ಹೊಳೆಯದ್ದು ನನಗೆ ಹೊಳೆಯಿತಲ್ಲ ಎಂದು ಹಿಗ್ಗಿಹೋದೆ.

ಆ ಮಧ್ಯಾಹ್ನ ಓದಿದೆ. ಸಂಪಾಜೆಯಲ್ಲಿ ಮಡಿಕೇರಿಯ ಬಸ್ಸು ನಿಲ್ಲುತ್ತದೆ. ಒಬ್ಬ ಸೊರಗಿದ ಗಂಡಸು ತಗಡಿನ ಪೆಟ್ಟಿಗೆ ಹಿಡಿದುಕೊಂಡು ಇಳಿಯುತ್ತಾನೆ. ಮಂದಕ್ಕ ನೋಡುತ್ತಾಳೆ. ಅವಳ ಗಂಡ. ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಸ್ನಾನಕ್ಕೆ ಬಿಸಿನೀರು ಕಾಯಿಸಿ, ಅವನನ್ನು ತನ್ನ ಗಲ್ಲಾದ ಕುರ್ಚಿಯಲ್ಲಿ ಕೂರಿಸುತ್ತಾಳೆ. ತಾನು ಹಿಂದೆ ಅಡಿಗೆಕೋಣೆಗೆ ಹೋಗಿ ದೋಸೆ ಹುಯ್ಯುತ್ತಾಳೆ. ಇಬ್ಬರೂ ಸುಖವಾಗಿರುತ್ತಾರೆ. ಪುಸ್ತಕ ಮುಗಿಯಿತು.

ಹರಿಣಾಕ್ಷಿ ಮೂಗು ಒರೆಸಿಕೊಂಡಳು. ಕಮಲಾವತಿ "ದೇವರು ದೊಡ್ಡವನು" ಎಂದಳು. ನಾನು ಮೆಚ್ಚುಗೆ ವಸೂಲು ಮಾಡಲಿಕ್ಕೆ ನೆಬೀಸಳ ಕಡೆ ತಿರುಗಿದೆ. ಅವಳು ಮಡಿಲಲ್ಲಿದ್ದ ಎಲೆಯ ಚೂರುಗಳನ್ನು ಕೊಡವಿ ಎದ್ದು ನಿಂತಿದ್ದಳು.

"ಚೆನ್ನಕ್ಕ, ಅವಳು ಆ ದಿನ ಬಾವಿಗೆ ಹಾರಿದ್ರೇ ಒಳ್ಳೆದಿತ್ತು."

ಮೊರ ಸೊಂಟಕ್ಕಿಟ್ಟುಕೊಂಡು ಹೋಗಿಬಿಟ್ಟಳು. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಕಮಲಾವತಿ ನಮ್ಮಲ್ಲಿದ್ದ ಕಾರಣ ನೆಬೀಸ ರೇಡಿಯೋಕ್ಕೂ ಹೋಗಿರಲಿಲ್ಲ. ಒಬ್ಬಳೇ ಮನೆಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದಳು.

ನಮ್ಮವರಿಗೆ ಎಲ್ಲ ಹೇಳಿಬಿಟ್ಟೆ, ಗೋಬರ್ ಗ್ಯಾಸಿನವರೆಗೆ. ಅವರು ನಗಲಿಲ್ಲ. ಚಿಲ್ಲರೆಯ ಚೀಲ ಗೂಟಕ್ಕೆ ಹಾಕಿ, "ಹೋಗಿ ನಿಜ ಹೇಳು. ಪುಸ್ತಕದಲ್ಲಿ ಗಂಡ ಬರುದಿಲ್ಲ, ನಾನೇ ಸೇರಿಸಿದ್ದು ಅಂತ ಹೇಳಿದ್ರೆ ಅವಳಿಗೆ ಸಮಾಧಾನ ಆದೀತು" ಎಂದರು.

ನನಗೂ ಅದು ಸರಿ ಕಂಡಿತು. ಆ ಗೋಬರ್ ಗ್ಯಾಸಿನ ಪುಸ್ತಕ ಸೆರಗಿನಲ್ಲಿ ಸುತ್ತಿಕೊಂಡು ನೆಬೀಸಳ ಮನೆಗೆ ಹೋದೆ. ಅವಳು ಹಿತ್ತಿಲ ಬಾಗಿಲಲ್ಲಿ ಕೂತು ಎಲೆ ಕತ್ತರಿಸುತ್ತಿದ್ದಳು. ನನಗೆ ಮಣೆ ಸರಿಸಿ ಮತ್ತೆ ಎಲೆಗೆ ಕೈ ಹಾಕಿದಳು.

"ನೆಬೀಸಾ, ನಾನು ಒಂದು ಸುಳ್ಳು ಹೇಳಿದ್ದೇನೆ. ಮಂದಕ್ಕನ ಗಂಡ ವಾಪಸು ಬಂದದ್ದು ಪುಸ್ತಕದಲ್ಲಿ ಇಲ್ಲ. ಹೋಟೆಲೂ ಇಲ್ಲ. ಬಾವಿಯಿಂದ ಈಚೆ ಇದ್ದದ್ದೆಲ್ಲ ನಾನೇ ಕಟ್ಟಿದ್ದು."

ಕತ್ತರಿ ನಿಂತಿತು. ಸಮಾಧಾನ ಆಗುತ್ತಾ ಉಂಟು ಎಂದುಕೊಂಡೆ.

"ನೀವೇ ಕಟ್ಟಿದ್ದಾ?"

"ನಾನೇ."

"ಬೇರೆ ಯಾರೂ ಹೇಳಿಕೊಡಲಿಲ್ವಾ?"

"ಇಲ್ಲ."

"ಹಾಗಾದ್ರೆ ಇನ್ನೂ ಕಷ್ಟ ಆಯ್ತಲ್ಲ ಚೆನ್ನಕ್ಕ." ಅವಳ ದನಿ ಏರಲೇ ಇಲ್ಲ. "ಬರೆದವನು ಎಲ್ಲಿಯದೋ ಗಂಡಸು, ಅವನಿಗೆ ನನ್ನ ಪರಿಚಯ ಇಲ್ಲ, ಅಂತ ಎರಡು ದಿನದಿಂದ ಅವನನ್ನು ಬೈದು ಬೈದು ಬಿಟ್ಟುಬಿಟ್ಟಿದ್ದೆ. ಈಗ ನಿಮ್ಮನ್ನು ಎಂತ ಮಾಡುದು?"

ನಾನು ಮಣೆಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡೆ.

"ನೀನು ಅವನು ಬರ್ಲಿ ಅಂತ ಕಾಯ್ತಾ ಇದ್ದಿ ಅಂತ ಗ್ರಹಿಸಿದೆ ಮಾರಾಯ್ತಿ."

"ನನ್ನತ್ರ ಕೇಳಿದಿರಾ?"

ಕೇಳಿರಲಿಲ್ಲ. ಎಂಟು ವರ್ಷ ಒಂದೇ ಜಗಲಿಯಲ್ಲಿ ಕೂತು, ಅವಳ ಎರಡು ಕಾಗದ ಓದಿ ಹೇಳಿದ ನಾನು, ಒಂದು ಸಲವೂ ಕೇಳಿರಲಿಲ್ಲ. ಬರೆಯುವವರನ್ನೆಲ್ಲ ಸಾಲಾಗಿ ನಿಲ್ಲಿಸಿ ಬೈದವಳು ಹೋಗಿ ಆ ಸಾಲಿನ ತುದಿಯಲ್ಲೇ ನಿಂತಿದ್ದೆ.

ಈಗ ಕೇಳಿದೆ, "ಹಾಗಾದ್ರೆ ಮಂದಕ್ಕ ಎಂತ ಮಾಡಬೇಕಿತ್ತು?"

ನೆಬೀಸ ನನ್ನ ಸೆರಗಿನತ್ತ ಕೈ ಚಾಚಿದಳು. "ಅದನ್ನು ಇಲ್ಲಿ ಕೊಡಿ. ನಾಳೆ ನಾನೇ ಓದ್ತೇನೆ. ನೀವು ಬೀಡಿ ಕಟ್ಟಿ."

ಮರುದಿನ ನನ್ನ ಜಾಗದಲ್ಲಿ ನೆಬೀಸ ಕೂತಳು. ಅವಳು ಕಲಿತದ್ದು ಮದ್ರಸದಲ್ಲಿ ಅರಬಿ ಅಕ್ಷರ. ಕನ್ನಡ ಒಂದಕ್ಷರ ಬಾರದು. ಪುಸ್ತಕವನ್ನು ಮದ್ರಸದ ಕ್ರಮದಲ್ಲಿ ಹಿಂದಿನ ರಟ್ಟಿನಿಂದ ತೆರೆದು ಮಡಿಲಲ್ಲಿಟ್ಟುಕೊಂಡಳು. ನಾನು ಅವಳ ಮೊರ ಎಳೆದುಕೊಂಡೆ. ಎಷ್ಟೋ ವರ್ಷ ಓದಿಯೇ ಬದುಕಿದ ಕೈ, ಎಲೆ ಸುತ್ತಿದಲ್ಲೇ ಬಿಚ್ಚಿಕೊಳ್ಳುತ್ತಿತ್ತು.

"ಅವನು ಬಸ್ಸಿಂದ ಇಳಿದ," ನೆಬೀಸ ಶುರು ಮಾಡಿದಳು. ಪುಟದ ಮೇಲೆ ಬೆರಳಿತ್ತು. "ಪೆಟ್ಟಿಗೆ ಹಿಡಿದುಕೊಂಡು ಹೋಟೆಲಿನ ಒಳಗೆ ಬಂದ. ಕೂತ. ಮಂದಕ್ಕನಿಗೆ ಗುರ್ತ ಸಿಕ್ಕಿತು. ಸಿಗದೆ ಎಂತ, ಎಂಟು ವರ್ಷ ಆದ್ರೂ ಮೂಗು ಅದೇ ಅಲ್ವಾ. ಅವಳು ಚಾ ಮಾಡಿದಳು. ಸಕ್ಕರೆ ಅವನಿಗೆ ಎಷ್ಟು ಬೇಕು ಅಂತ ಅವಳಿಗೆ ಗೊತ್ತಿತ್ತು, ಅಷ್ಟೇ ಹಾಕಿದಳು. ತಂದು ಅವನ ಎದುರು ಇಟ್ಟಳು."

ಪುಟ ತಿರುಗಿಸಿದಳು.

"ಅವನು ಕುಡಿದು, ನನ್ನ ಗುರ್ತ ಸಿಕ್ಕಲಿಲ್ವಾ ಅಂತ ಕೇಳಿದ. ಮಂದಕ್ಕ ಹೇಳಿದಳು, ಸಿಕ್ಕಿತು. ಐದು ಗಂಟೆಗೆ ಮಡಿಕೇರಿಗೆ ಹೋಗುವ ಬಸ್ಸು ಉಂಟು. ಅಷ್ಟರವರೆಗೆ ಆ ಬೆಂಚಿನಲ್ಲಿ ಕೂತುಕೊಳ್ಳಿ, ಅಲ್ಲಿ ಬಿಸಿಲು ಬೀಳುದಿಲ್ಲ."

ನಾವು ಕಾದೆವು. ನೆಬೀಸ ಪುಸ್ತಕ ಮುಚ್ಚಿದಳು.

"ಅಷ್ಟೇ?" ಕಮಲಾವತಿ ಕೇಳಿದಳು.

"ಅಷ್ಟೇ. ಮತ್ತೆ ಅವಳಿಗೆ ಕೆಲಸ ಇತ್ತು."

ಕತ್ತರಿಗಳು ಒಂದೊಂದಾಗಿ ಆಡತೊಡಗಿದವು. ನೆಬೀಸ ಎದ್ದು ಬಂದು, ನಾನು ಸುತ್ತಿದ್ದನ್ನೆಲ್ಲ ನೋಡಿ, ಬಿಚ್ಚಿ ಹೊಸದಾಗಿ ಸುತ್ತಲಿಕ್ಕೆ ಕೂತಳು. ಹರಿಣಾಕ್ಷಿ ನೂಲು ಕಚ್ಚಿ ತುಂಡು ಮಾಡಿ, ತಲೆ ಎತ್ತದೆಯೇ ನನ್ನನ್ನು ಕೇಳಿದಳು:

"ಚೆನ್ನಕ್ಕ, ಮೊನ್ನೆ ನೀವು ಓದುವಾಗ ಈ ಪುಟ ಬಿಟ್ಟುಹೋದದ್ದಾ?"

"ಹೌದು ಮಗಾ," ಎಂದೆ. "ನನಗೆ ಕಾಣಲೇ ಇಲ್ಲ."